ಕನಿಷ್ಠ ಮಟ್ಟ ಮುಟ್ಟದ ಮನೆತನ

ನನಗೆ ಸಿಟ್ಟು ಬರುವುದು ಅಪರೂಪ. ಬಂದರೂ ಹೊಸ್ತಿಲೊಳಗೇ ಬಂದು, ಒಂದು ಕಪ್ ಚಹಾ ಕುಡಿದು ಹೋಗಿಬಿಡುತ್ತದೆ. ಆದರೆ ತೊಂಬತ್ತರ ದಶಕದಲ್ಲಿ ಮಕ್ಕಳ ಓದನ್ನು ಅಳೆಯಲೆಂದು ಸರಕಾರದವರು ಶಾಲೆಗಳಿಗೆ ಇಳಿಸಿದ ಹೊಸ ಶಬ್ದಗಳನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. ನಮ್ಮ ಕಾಲಕ್ಕೆ ಇದ್ದವು ಪಾಸು, ನಪಾಸು ಅಷ್ಟೇ. ನಪಾಸಾದವನಿಗೆ ತಾನು ನಪಾಸಾಗಿದ್ದೇನೆ ಎಂಬುದಾದರೂ ತಿಳಿಯುತ್ತಿತ್ತು.

ನನ್ನ ಮಗಳು ವೀಣಾ ಆಗ ನವನಗರದ ಶಾಲೆಯಲ್ಲಿ ಮೂರನೆಯ ಇಯತ್ತೆ. ಒಂದು ಸಂಜೆ ಪ್ರಗತಿ ಪತ್ರ ತಂದಳು. 'ಮಾತನಾಡುವ ಸಾಮರ್ಥ್ಯ: ಪಾರಂಗತ ಮಟ್ಟ ತಲುಪಿಲ್ಲ. ಪರಿಹಾರ ಬೋಧನೆ ಅಗತ್ಯ.' ಮಾತು! ನನ್ನ ಮಗಳಿಗೆ! ಹಲ್ಲುಜ್ಜುವಾಗಲೂ ಮಾತಾಡುವವಳು, ನಿದ್ದೆಗಣ್ಣಲ್ಲಿ ಪಕ್ಕದ ಮನೆಯ ಜಗಳ ಬಗೆಹರಿಸುವವಳು, ಬಸ್ಸು ಹತ್ತಿದರೆ ಧಾರವಾಡ ಬರುವಷ್ಟರಲ್ಲಿ ಕಂಡಕ್ಟರನ ಹೆಂಡತಿಯ ತವರೂರು ಯಾವುದೆಂದು ಕೇಳಿಕೊಂಡು ಇಳಿಯುವವಳು!

"ಗ್ಯಾದರಿಂಗಿನ್ಯಾಗ ನನಗ ರಾಣಿ ಪಾರ್ಟ್ ಕೊಡಂಗಿಲ್ಲಂತಪಾ," ಎಂದು ಕಣ್ಣು ತುಂಬಿಕೊಂಡಳು. "ಪಾರಂಗತ ಆದವ್ರಿಗಷ್ಟ ಅಂತ." ಶಾಲೆಯ ಆ ವಾರ್ಷಿಕ ನಾಟಕಕ್ಕಾಗಿ ಅಜ್ಜಿಯ ಇಳಕಲ್ ಸೀರೆಯನ್ನು ಅವಳು ಆಗಲೇ ಗೊತ್ತುಮಾಡಿಟ್ಟಿದ್ದಳು.

ಮರುದಿನ ಕಚೇರಿಗೆ ರಜೆ ಹಾಕಿ, ಮಗಳ ಕೈ ಹಿಡಿದು ಹೊರಟೆ. ದಾರಿಯುದ್ದಕ್ಕೂ ಜೋರಾಗಿ ಭಾಷಣ ತಾಲೀಮು ಮಾಡಿದೆ. "ಇವತ್ತ ನೋಡ ನೀ, ಅವರಿಗೆ ಕನ್ನಡ ಅಂದ್ರ ಏನಂತ ತೋರಸ್ತೇನಿ!" ವೀಣಾ ಹೆಮ್ಮೆಯಿಂದ ಬೀಗಿದಳು.

ಮುಖ್ಯೋಪಾಧ್ಯಾಯಿನಿ ನರೆಗೂದಲಿನ ಹಿರಿಯರು. "ಬರ್ರಿ, ಕೂಡ್ರಿ," ಎಂದರು. ನಾನು ಕೂಡಲಿಲ್ಲ.

"ಅಕ್ಕೋರ, ಈ ಪಾರಂಗತ ಮಟ್ಟ ಅಂದ್ರ ಏನ್ರಿ?"

"ಕನಿಷ್ಠ ಕಲಿಕಾ ಮಟ್ಟದ ಸಾಮರ್ಥ್ಯ ಗಳಿಸೂದ್ರಿ."

"ಸಾಮರ್ಥ್ಯ ಅಂದ್ರ?"

"ಕಲಿಕಾಂಶದಾಗ ಪಾರಂಗತ ಆಗೂದ್ರಿ."

ಹೊರಟಲ್ಲಿಗೇ ಬಂದು ನಿಂತಿದ್ದೆವು. ಅವರೇ ದನಿ ತಗ್ಗಿಸಿ, "ಟ್ರೇನಿಂಗಿನ್ಯಾಗ ನಮಗೂ ಹಿಂಗ ಹೇಳ್ಯಾರ್ರಿ," ಎಂದರು. "ಮೊನ್ನೆ ತಪಾಸಣಿ ಸಾಹೇಬ್ರು ಬಂದು ನಿಮ್ಮ ಹುಡುಗೀನ್ನ ಎಬ್ಬಿಸಿ ಮಾತಾಡು ಅಂದ್ರು. ಕೈ ಕಟ್ಟಿ ನಿಂತಳು ನೋಡ್ರಿ, ಬಾಯೇ ಬಿಡಲಿಲ್ಲ. ನಾವರೆ ಏನ್ ಬರೀಬೇಕು?"

ನನಗೆ ಥಟ್ಟನೆ ಹೊಳೆಯಿತು. ದೊಡ್ಡವರ ಮುಂದೆ ಕೈ ಕಟ್ಟಿ, ತಲೆ ತಗ್ಗಿಸಿ, ತುಟಿ ಪಿಟಕ್ಕೆನ್ನದೆ ನಿಲ್ಲಬೇಕೆಂದು ನಮ್ಮಜ್ಜ ನನಗೆ ಕಲಿಸಿದ್ದ. ನಾನು ಮಗಳಿಗೆ ಕಲಿಸಿದ್ದೆ. ನಮ್ಮ ಮನೆಯ ಈ ಮರ್ಯಾದೆಗೆ ಅವರ ಮಟ್ಟಗಳಲ್ಲಿ ಜಾಗವೇ ಇಲ್ಲವೇ? ಹಾಗೆಂದು ಗುಡುಗಬೇಕೆಂದು ಬಾಯಿ ತೆರೆದೆ. ಎದುರಿಗೆ ಆ ನರೆಗೂದಲು, ಆ ಕನ್ನಡಕ. ನನ್ನ ತಲೆ ತಾನಾಗಿ ತಗ್ಗಿತು.

"ಮತ್ತೇನರೆ ಹೇಳೂದಿತ್ತೇನ್ರಿ?"

"ಏನಿಲ್ರಿ."

ವೀಣಾ ನನ್ನ ಮುಖ ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು ಮುಂದೆ ಹೋದಳು.

"ಅಕ್ಕೋರ, ನಮ್ಮಪ್ಪಗ ಮಾತು ಬರ್ತಾವ್ರಿ! ಮನ್ಯಾಗ ಭಾಳ ಮಾತಾಡ್ತಾರ್ರಿ. ನಿಮಗ ಬೈಯೂದೆಲ್ಲಾ ದಾರ್ಯಾಗ ಬಾಯಿಪಾಠ ಮಾಡ್ಯಾರ್ರಿ, ಖರೇ! ದೊಡ್ಡವರ ಮುಂದ ಮಾತಾಡಬಾರದಂತ, ಅದಕ್ಕ ಸುಮ್ನ ನಿಂತಾರ್ರಿ. ನಾನೂ ಅದಕ್ಕ ನಿಂತಿದ್ನಿರಿ. ಆ ಸಾಹೇಬ್ರ ಮೀಸಿ ನಮ್ಮಜ್ಜನ ಮೀಸಿಗಿಂತ ದೊಡ್ಡದಿತ್ರಿ!"

ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಪ್ರಗತಿ ಪತ್ರ ಇಸಿದುಕೊಂಡು 'ತಲುಪಿಲ್ಲ' ಎಂಬುದನ್ನು ಹೊಡೆದುಹಾಕಿ 'ತಲುಪಿದ್ದಾಳೆ' ಎಂದು ಬರೆದರು. "ರಾಣಿ ಪಾರ್ಟ್ ನಿಂದ ತಗೋ. ಆದ್ರ ಮಂತ್ರಿಗೂ ಒಂದೀಟು ಮಾತಾಡಾಕ ಬಿಡವಾ."

ಮಗಳು ಗೆದ್ದಳು, ನನ್ನ ಸಿಟ್ಟು ಮಾತ್ರ ಹಾಗೇ ಉಳಿಯಿತು. ಹೇಳುವವರಿಗೇ ತಿಳಿಯದ ಶಬ್ದಗಳಿಂದ ಕೂಸುಗಳನ್ನು ಅಳೆಯುವುದೆಂದರೇನು? ಆ ಮೀಸೆಯ ಸಾಹೇಬರು ಸಿಗಲಿ, ನೆಟ್ಟಗೆ ಕೇಳಿಯೇಬಿಡುತ್ತೇನೆ ಎಂದು ಮನೆಗೆ ಬಂದು ಹೆಂಡತಿಯೆದುರು ಆರ್ಭಟಿಸಿದೆ.

"ಹಂಗಾರ ತಾಲೀಮು ಬೇಕಪಾ ನಿನಗ," ಎಂದಳು ವೀಣಾ. "ಪರಿಹಾರ ಬೋಧನೆ ಈಗ ಸುರು." ಕುರ್ಚಿಯೇರಿ ಕುಳಿತು, ಬಾಚಣಿಕೆಯನ್ನು ಮೂಗಿನ ಕೆಳಗೆ ಮೀಸೆಯಂತೆ ಹಿಡಿದು, ದನಿ ದಪ್ಪ ಮಾಡಿ ಕೇಳಿದಳು: "ಹೂಂ, ಹೇಳ್ರಿ. ಏನು ನಿಮ್ಮ ತಕರಾರು?"

ನಾನು ಎದ್ದು ನಿಂತೆ. ಕೈಗಳು ತಾವಾಗಿಯೇ ಕಟ್ಟಿಕೊಂಡವು.