ಇಪ್ಪತ್ತು ನಿಮಿಷದ ಟ್ರ್ಯಾಕ್ಟರು

ಪೂರ್ತಿ ಕೆಟ್ಟ ಯಂತ್ರವನ್ನಾದರೂ ನಂಬಬಹುದು, ಆಗಾಗ ಕೆಡುವ ಯಂತ್ರವನ್ನು ಮಾತ್ರ ನಂಬಬಾರದು. ಮೊಹರು ಯಜಮಾನರ ಪುಟ್ಟ ಟ್ರ್ಯಾಕ್ಟರು ಈ ಎರಡನೆಯ ಜಾತಿಯದು. ಹಿತ್ತಲಿನ ಹುಲ್ಲು ಕತ್ತರಿಸಲೆಂದು ಶೆಡ್ಡಿನಿಂದ ಹೊರಟರೆ ಇಪ್ಪತ್ತು ನಿಮಿಷ ದರ್ಬಾರು ಮಾಡುತ್ತ ಓಡುವುದು. ಆಮೇಲೆ ಏದುಸಿರು, ಎರಡು ಸಲ ಕೆಮ್ಮು, ನಡುಹಿತ್ತಲಲ್ಲಿ ಮುಷ್ಕರ. ಒಂದು ತಿಂಗಳಿಂದ ಹಿತ್ತಲು ಅರ್ಧ ಕ್ಷೌರಕ್ಕೆ ಎದ್ದು ಬಂದವನ ತಲೆಯ ಹಾಗಿತ್ತು.

ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಪಾರ್ಸೆಲ್ಲುಗಳಿಗೆ ಅರಗು ಹಾಕಿ ಮೊಹರು ಒತ್ತಿದವರು ಅವರು. ಹೆಸರು ಬಂದದ್ದೇ ಹಾಗೆ. ನಿವೃತ್ತಿಯಾದರೂ ಕೈ ಸುಮ್ಮನಿರಬೇಕಲ್ಲ! ಕಿಟಕಿಯ ಇರುವೆ ಗೂಡು, ಬಕೆಟ್ಟಿನ ಬಿರುಕು, ಬಾಗಿಲಿನ ಹಳೇ ಮೊಳೆಯ ಗುರುತು, ಎಲ್ಲಕ್ಕೂ ಕೆಂಪು ಅರಗೇ ಮದ್ದು. (ಹೆಂಡತಿಯ ಬಾಯಿಗೆ ಹಾಕಲಾಗಲಿಲ್ಲವೆಂಬುದೊಂದೇ ಕೊರಗು. ಇದನ್ನು ಅವರು ತೀರಾ ಮೆಲ್ಲಗೆ ಹೇಳುತ್ತಿದ್ದರು.)

ಹೆಂಡತಿ ಊರವರ ಬಟ್ಟೆ ಹೊಲಿಯುವಾಕೆ. ಆಕೆಯ ಹೊಲಿಗೆ ಯಂತ್ರ ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು, ಆಕೆಯ ಕಣ್ಣು ಶೆಡ್ಡಿನ ಮೇಲಿತ್ತು. ಒಂದು ದಿನ ಮಾತಿಗೆ ಮಾತು ಬೆಳೆದು ಯಜಮಾನರೇ ಫರ್ಮಾನು ಹೊರಡಿಸಿಬಿಟ್ಟರು: ಬರುವ ಭಾನುವಾರ ಇಡೀ ಹಿತ್ತಲನ್ನು ಒಂದೇ ಉಸಿರಿಗೆ ಕತ್ತರಿಸಿ ತೋರಿಸುತ್ತೇನೆ, ಆಗದಿದ್ದರೆ ಟ್ರ್ಯಾಕ್ಟರು ಮಾರಾಟಕ್ಕೆ, ಶೆಡ್ಡು ನಿನಗೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಜೀವಮಾನವೆಲ್ಲ ಒಂದೇ ಕುರ್ಚಿಯಲ್ಲಿ ಕೂತು ಸವೆದವರಿಗೆ, ಕೂತಲ್ಲಿಂದಲೇ ಮುಂದಕ್ಕೆ ಹೋಗುವ ಸುಖ ಸಿಕ್ಕಿದ್ದು ಆ ಟ್ರ್ಯಾಕ್ಟರಿನಲ್ಲಿ. ಅದು ಹೋದರೆ ಅವರಿಗೆ ಅರ್ಧ ಜೀವ ಹೋದಂತೆ.

ಸೋಮವಾರದಿಂದ ಶಸ್ತ್ರಚಿಕಿತ್ಸೆ ಶುರುವಾಯಿತು. ಟ್ರ್ಯಾಕ್ಟರು ನಿಂತ ಕೂಡಲೇ ಪೆಟ್ರೋಲ್ ಇದೆಯೋ ಇಲ್ಲವೋ ಎಂದು ಟ್ಯಾಂಕಿನೊಳಗೆ ಇಣುಕಿ, ಸ್ಪಾರ್ಕ್ ಪ್ಲಗ್ಗು ಬಿಚ್ಚಿ ಉಜ್ಜಿ ಹಾಕಿದರು. ಎಂಜಿನ್ ಗುಡುಗಿತು. ರೋಗ ಸಿಕ್ಕಿತೆಂದು ಯಜಮಾನರು ಬೀಗಿದರು. ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ರಾಗ. ಮಂಗಳವಾರ ಟ್ಯಾಂಕಿಗೆ ಇಣುಕಿ ಕಾರ್ಬೊರೇಟರ್ ತೊಳೆದರು. ಓಡಿತು, ನಿಂತಿತು. ಬುಧವಾರ ಇಣುಕಿ ಪೈಪು ಬದಲಿಸಿದರು. ಓಡಿತು, ನಿಂತಿತು. ಗುರುವಾರ ಮೆಕ್ಯಾನಿಕ್ ಬಂದು ಹತ್ತು ನಿಮಿಷ ಓಡಿಸಿ, ಎಂಜಿನ್ ಗುಂಡುಕಲ್ಲಿನ ಹಾಗಿದೆ, ನೀವೇ ಸ್ವಲ್ಪ ವಿಶ್ರಾಂತಿ ತಗೊಳ್ಳಿ ಎಂದು ಹೊರಟುಹೋದ. ಶುಕ್ರವಾರ ಬೇರೆ ದಾರಿ ಕಾಣದೆ ತಪ್ಪು ಹೆಂಡತಿಯ ತಲೆಗೆ ಬಂತು: ಅವಳ ಬಟ್ಟೆಯ ನೂಲು ಹಾರಿಬಂದು ಎಂಜಿನ್ನಿಗೆ ಸುತ್ತಿಕೊಂಡಿದೆಯಂತೆ. ಆಕೆ ಗುಂಡಿ ಹೊಲಿಯುತ್ತ ಕುಳಿತಳು. ಆಕೆ ಸುಮ್ಮನಿದ್ದರೆ ಯಜಮಾನರಿಗೆ ಭಯ ಹೆಚ್ಚು.

ಭಾನುವಾರ ಬಂತು. ಸರಿಯಾಗಿ ಅರ್ಧ ಹಿತ್ತಲು ಮುಗಿಯುವಾಗ ಕೆಮ್ಮು, ಮೌನ. ಯಜಮಾನರು ಸೀಟಿನಿಂದ ಇಳಿಯಲಿಲ್ಲ. ಸ್ಟಿಯರಿಂಗ್ ಹಿಡಿದು ಕೂತೇ ಇದ್ದರು; ಕಣ್ಣು ತುಂಬಿಬಂದಿತ್ತು. ಹೆಂಡತಿ ಕೊರಳಿಗೆ ಟೇಪು ಹಾಕಿಕೊಂಡೇ ಬಂದಳು.

"ಶೆಡ್ಡಿನ ಅಳತೆ ತಗೊಳ್ಳೋಕೆ ಬಂದ್ಯಾ?" ಎಂದರು ಯಜಮಾನರು.

"ಇಳೀರಿ ಕೆಳಗೆ. ಇವತ್ತು ಏನೂ ಬಿಚ್ಚಬೇಡಿ. ಟ್ಯಾಂಕಿನ ಮುಚ್ಚಳ ಒಂದ್ಸಲ ತೆಗೆದು ಹಾಕಿ, ಸಾಕು."

ತೆಗೆದರು. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಕೀಲಿ ತಿರುಗಿಸಿದರೆ ಎಂಜಿನ್ ಗುಡುಗಿತು.

"ವಾರವೆಲ್ಲ ಕಿಟಕೀಲಿ ನೋಡಿದೀನಿ," ಎಂದಳು ಆಕೆ. "ಏನು ರಿಪೇರಿ ಮಾಡೋಕೆ ಮುಂಚೆನೂ ನೀವು ಮುಚ್ಚಳ ತೆಗೀತೀರಿ. ಓಡಿಸಿದ್ದು ಅದೇ. ಎಣ್ಣೆ ಡಬ್ಬಿಗೆ ಒಂದೇ ತೂತು ಹಾಕಿದ್ರೆ ಎಣ್ಣೆ ಇಳಿಯುತ್ತೇನ್ರೀ? ಗಾಳಿಗೊಂದು ತೂತು ಬೇಡ್ವಾ?"

ಯಜಮಾನರು ಮುಚ್ಚಳ ನೋಡಿದರು. ನಡುವೆ ಇದ್ದ ಸಣ್ಣ ತೂತಿನ ಮೇಲೆ ಕೆಂಪು ಅರಗು, ಅದರ ಮೇಲೆ ತಮ್ಮದೇ ಹೆಬ್ಬೆಟ್ಟು. ಧೂಳು ಹೋಗದಿರಲಿ, ಪೆಟ್ರೋಲ್ ಆರದಿರಲಿ ಎಂದು ಹೋದ ತಿಂಗಳು ತಾವೇ ಮುಚ್ಚಿದ್ದು. ದಿನಾ ಕೈಯಲ್ಲಿ ಹಿಡಿದರೂ, ತಮ್ಮ ಅರಗು ತಮಗೇ ಕಂಡಿರಲಿಲ್ಲ. ಆಕೆ ಸೆರಗಿಗೆ ಸಿಕ್ಕಿಸಿದ್ದ ಸೂಜಿಯಿಂದ ಆ ಅರಗನ್ನು ಕೆದಕಿ ತೆಗೆದಳು.

"ಅಲ್ವೇ, ಬಾಯಿ ಮುಚ್ಕೊಂಡಿದ್ದಿದ್ರೆ ಶೆಡ್ಡು ನಿಂದಾಗ್ತಿತ್ತು," ಎಂದರು ಯಜಮಾನರು, ದನಿ ಸಣ್ಣದಾಗಿ.

"ಶೆಡ್ಡಲ್ಲಿ ಕೂತು ನಿಮ್ಮ ಜೋಲು ಮುಖ ನೋಡ್ಕೊಂಡು ಹೊಲೀಲಾ? ನಂಗೆ ಬೇಡಪ್ಪ."

ಯಜಮಾನರ ಎದೆ ತುಂಬಿಬಂತು. ಉಳಿದರ್ಧ ಹಿತ್ತಲನ್ನು ಗೆದ್ದು ಬರಲು ಸೀಟಿಗೆ ಕಾಲೆತ್ತಿದರು. ಆಕೆ ತಡೆದು ಸೂಜಿಯನ್ನು ಅವರ ಕೈಗಿಟ್ಟಳು.

"ನಿಮಗೆ ಒಳಗೆ ಕೆಲಸ ಇದೆ. ನಿನ್ನೆ ಮಿಷನ್‌ಗೆ ಎಣ್ಣೆ ಬಿಡೋಕೆ ಹೋದೆ. ಎಣ್ಣೆ ಬಿಡೋ ತೂತು ಆರು, ಆರಕ್ಕೂ ಕೆಂಪು ಅರಗು. ನಿಮ್ಮ ಮುಚ್ಚಳದ ಮೇಲೆ ನಂಗೆ ಅನುಮಾನ ಬಂದಿದ್ದೇ ಅಲ್ಲಿಂದ."

ಹೌದು, ಹೋದ ತಿಂಗಳು ಮುಚ್ಚಳಕ್ಕೆ ಹಾಕಿ ಸ್ವಲ್ಪ ಅರಗು ಮಿಕ್ಕಿತ್ತು. ದಂಡ ಮಾಡುವುದೇಕೆಂದುಕೊಂಡಿದ್ದರು.

ಆಕೆ ಸೀರೆ ಎತ್ತಿ ಸಿಕ್ಕಿಸಿ ಸೀಟಿಗೇರಿದಳು. ಯಜಮಾನರು ಮಂಚಕ್ಕೂ ಗೋಡೆಗೂ ನಡುವೆ ತೂರಿಕೊಂಡು, ಕನ್ನಡಕ ಮೂಗಿನ ತುದಿಗಿಳಿಸಿ, ಒಂದೊಂದೇ ತೂತು ಕೆದಕುತ್ತ ಹೊರಗಿನ ಸದ್ದಿಗೆ ಕಿವಿಗೊಟ್ಟರು. ಇಪ್ಪತ್ತು ನಿಮಿಷವಾಯಿತು. ನಲವತ್ತಾಯಿತು. ಕಿಟಕಿಯಿಂದ ಇಣುಕಿದರೆ ಕತ್ತರಿಸಲು ಒಂದೆಸಳು ಹುಲ್ಲೂ ಉಳಿದಿರಲಿಲ್ಲ. ಆಕೆ ಮಾತ್ರ ಟ್ರ್ಯಾಕ್ಟರು ನಿಲ್ಲಿಸಲೇ ಇಲ್ಲ.