ಗಾಜಿನ ಹಿಂದಿನ ರೋಗಿ

ಬೊಂಬೆಯ ಜೊತೆ ಏಗುವವನಿಗೆ ನಗೆಪಾಟಲಿನ ಪ್ರಸಂಗಗಳಿಗೆ ಬರವಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಹಲಸೂರಿನ ಕಡೆಯ ಒಂದು ಆಸ್ಪತ್ರೆಯ ತರಬೇತಿ ಕೋಣೆಯಲ್ಲಿ ನನ್ನ ಕೆಲಸ. ಅಲ್ಲೊಂದು ಮಂಚ, ಮಂಚದ ಮೇಲೆ ರಬ್ಬರಿನ ರೋಗಿ. ಅದಕ್ಕೆ ನಾಡಿ ಬಡಿಯುತ್ತದೆ, ಎದೆ ಏರಿಳಿಯುತ್ತದೆ, ನಾನು ಮೈಕಿನಲ್ಲಿ ನರಳಿದರೆ ಅದೂ ನರಳುತ್ತದೆ. ಡಾಕ್ಟರುಗಳು, ನರ್ಸುಗಳು ತಂಡವಾಗಿ ಬಂದು ಅದನ್ನು ಬದುಕಿಸುವ ಅಭ್ಯಾಸ ಮಾಡುತ್ತಾರೆ. ನಾನು ಕೂರುವುದು ದೊಡ್ಡದೊಂದು ಗಾಜಿನ ಹಿಂದೆ. ನನಗೆ ಅವರೆಲ್ಲ ಕಾಣುತ್ತಾರೆ, ಅವರಿಗೆ ಅದು ಬರೀ ಕನ್ನಡಿ.

ಈಚೆಗೆ ತರಬೇತಿ ನಡೆಸುವ ನಮ್ಮ ಮೇಡಂ ಒಂದು ಅಧ್ಯಯನ ಶುರು ಮಾಡಿದ್ದಾರೆ. ತಂಡದ ಲೀಡರಿಗೆ ಒಂದು ಕನ್ನಡಕ ಹಾಕಿಸುತ್ತಾರೆ. ಅವರ ಕಣ್ಣು ಹೋದಲ್ಲೆಲ್ಲ ನನ್ನ ಪರದೆಯ ಮೇಲೆ ಒಂದು ಕೆಂಪು ಚುಕ್ಕಿ ಓಡುತ್ತದೆ. "ಬಾಯಲ್ಲಿ ಯಾರು ಬೇಕಾದ್ರೂ ಲೀಡರ್ ಆಗ್ಬೋದು ರೀ, ಕಣ್ಣಲ್ಲಿ ಆಗೋದು ಕಷ್ಟ" ಎನ್ನುತ್ತಾರೆ ಮೇಡಂ.

ನನ್ನ ಹೆಂಡತಿ ಇದೇ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಸಿಸ್ಟರ್ ಆಗಿದ್ದವಳು. ಒಂದೇ ವರ್ಷ ಅಂತ ಮಸ್ಕತ್ತಿನ ಆಸ್ಪತ್ರೆಗೆ ಹೋದಳು. ಆ ಒಂದು ವರ್ಷ ಇನ್ನೂ ಮುಗಿದೇ ಇರಲಿಲ್ಲ. ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. ಆದರೆ ದಿನವಿಡೀ ಚುಕ್ಕಿ ನೋಡಿ ನೋಡಿ, ಎದುರಿಗಿರುವವರ ಕಣ್ಣು ಎಲ್ಲಿದೆ ಅಂತ ಹುಡುಕುವ ಚಟ ನನಗೆ ಹತ್ತಿತ್ತು. ಫೋನಿನಲ್ಲಿ ಅವಳ ಕಣ್ಣು ಯಾವತ್ತೂ ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ಕೊಂಚ ಕೆಳಗೆ, ಕೊಂಚ ಪಕ್ಕಕ್ಕೆ. ಕ್ಯಾಮೆರಾ ಇರುವ ಜಾಗದಿಂದ ಹಾಗಾಗುತ್ತದೆ ಅಂತ ನನಗೆ ಗೊತ್ತು. ಗೊತ್ತಿದ್ದರೂ ಹಾಳು ಮನಸ್ಸು ಕೇಳಬೇಕಲ್ಲ.

ಬೈಗುಳದ ಚುಕ್ಕಿ

ಒಮ್ಮೆ ಹಿರಿಯ ಸರ್ಜನ್ನರೊಬ್ಬರು ಲೀಡರ್ ಆಗಿ ನಿಂತರು. ಕಿರಿಯ ಡಾಕ್ಟರೊಬ್ಬ ಗಾಬರಿಯಲ್ಲಿ ಆಕ್ಸಿಜನ್ ಮಾಸ್ಕನ್ನು ತಲೆಕೆಳಗಾಗಿ ಹಾಕಿದ. ಸರಿ, ಸಹಸ್ರನಾಮ ಶುರುವಾಯಿತು. "ನಿಂಗೆ ಸೀಟು ಕೊಟ್ಟೋರು ಯಾರಯ್ಯಾ? ನಿಮ್ಮ ಕಾಲೇಜಲ್ಲಿ ಮೂಗು ಬಾಯಿ ಕೆಳಗಿರುತ್ತಾ?" ನಾನು ಬೊಂಬೆಯ ಎದೆಬಡಿತ ನಿಲ್ಲಿಸಿದೆ. ಅಲಾರಂ ಬಡಿದುಕೊಂಡಿತು. ಬೈಗುಳ ನಿಲ್ಲಲಿಲ್ಲ.

ಆಮೇಲೆ ವಿಡಿಯೋ ಹಾಕಿದರೆ, ಕೆಂಪು ಚುಕ್ಕಿ ಮೊದಲಿಂದ ಕೊನೆಯವರೆಗೆ ಆ ಹುಡುಗನ ಎಡಗಿವಿಯ ಮೇಲೆ ಕೂತುಬಿಟ್ಟಿದೆ.

"ಸರ್, ನೀವು ಬೈತಾ ಇರೋವಾಗ್ಲೇ ರೋಗಿ ಹೋಗ್ಬಿಟ್ಟಿದ್ದ" ಎಂದರು ಮೇಡಂ, ಮೆಲ್ಲಗೆ.

"ಮತ್ತೆ? ಅದಕ್ಕೇ ರೀ ಬೈದಿದ್ದು!" ಎಂದರು ಅವರು.

ಹಬ್ಬದ ಸುರ್ಮಾ

ರಂಜಾನ್ ಹಬ್ಬದ ಮಾರನೆಯ ದಿನ ಫ್ರೇಜರ್ ಟೌನಿನ ಡಾಕ್ಟರಮ್ಮ ಒಬ್ಬರ ಸರದಿ. ಬುದ್ಧಿವಂತೆ, ಮಾತೂ ಚುರುಕು. ಕನ್ನಡಕ ಹಾಕಿದರೆ ಚುಕ್ಕಿ ಚಾವಣಿಗೆ ಹಾರಿತು. ಅಲ್ಲಿಂದ ಫ್ಯಾನು, ಫ್ಯಾನಿಂದ ಟ್ಯೂಬ್‌ಲೈಟು. ಕೆಳಗೆ ಮಾತ್ರ ಎಲ್ಲ ಸುಸೂತ್ರ. ಹೇಳಬೇಕಾದ್ದನ್ನು ಹೇಳಬೇಕಾದವರಿಗೇ ಹೇಳಿದರು, ಬೊಂಬೆ ಬದುಕಿತು. ಆ ದಿನ ಬದುಕಿದ್ದು ಅದೊಂದೇ ಸಲ.

ನಾನು ಓಡಿಹೋಗಿ ಕನ್ನಡಕ ಒರೆಸಿದೆ, ಬ್ಯಾಟರಿ ಬದಲಿಸಿದೆ. ಕೊನೆಗೆ ಅವರ ಕಣ್ಣು ನೋಡಿದಾಗ ಗುಟ್ಟು ತಿಳಿಯಿತು. ರೆಪ್ಪೆಯಂಚಿಗೆ ದಟ್ಟವಾಗಿ ಕಪ್ಪು ಸುರ್ಮಾ! ಯಂತ್ರ ಅದನ್ನೇ ಕಣ್ಣಪಾಪೆ ಅಂದುಕೊಂಡಿತ್ತು.

"ಸಾರಿ ಸರ್, ಅಮ್ಮಿ ಹಬ್ಬಕ್ಕೆ ಹಾಕಿದ್ದು. ಎಷ್ಟು ತೊಳೆದ್ರೂ ಹೋಗ್ಲಿಲ್ಲ" ಎಂದರು.

ಮೇಡಂ ಪರದೆಯನ್ನೇ ನೋಡುತ್ತಿದ್ದರು. "ಇರ್ಲಿ ಬಿಡಮ್ಮಾ. ಮೇಲಿನವನ ಮುಖ ನೋಡ್ಕೊಂಡು ಕೆಲಸ ಮಾಡಿದ ಲೀಡರ್ ನೀನೊಬ್ಬಳೇ. ರೋಗಿನೂ ಉಳಿದ!"

ಸತ್ತವನ ಫೋನು

ಇನ್ನೊಂದು ದಿನ ಬೊಂಬೆಯನ್ನು ಸಾಯಿಸಿ ಸುಮ್ಮನೆ ಕೂತಿದ್ದೆ. ಒಳಗೆ ತಂಡ ಅದರ ಎದೆ ಒತ್ತುತ್ತಿತ್ತು. ಆಗ ಮಸ್ಕತ್ತಿನಿಂದ ಇವಳ ಫೋನು ಬಂತು. ಅವಳಿಗೆ ಬಿಡುವು ಸಿಗುವುದೇ ಅಪರೂಪ, ಬಿಡಲಾದೀತೇ? ಎತ್ತಿದೆ. ಮೈಕು ಆರಿಸಿರಲಿಲ್ಲ.

ಒಳಗೆ ಹೆಣ ಮಾತಾಡತೊಡಗಿತು. "ಊಟ ಆಯ್ತೇನೇ? ನನ್ನ ಊಟಾನಾ? ನಿನ್ನೆ ಸಾರೇ ಬಿಸಿ ಮಾಡ್ಕೊಂಡೆ. ಈ ಸಲನಾದ್ರೂ ಬರ್ತೀಯಾ? ಒಬ್ನೇ ಇದ್ದು ಇದ್ದು ಸಾಕಾಗ್ಹೋಗಿದೆ ಕಣೇ."

ಎದೆ ಒತ್ತುತ್ತಿದ್ದವನು ಗೋಡೆಗೆ ಹಾರಿದ. ಲೀಡರಿನ ಕೆಂಪು ಚುಕ್ಕಿ ಬೊಂಬೆಯ ತುಟಿಯ ಮೇಲೆ ನೆಟ್ಟುಹೋಯಿತು. ರೋಗಿಯ ಮುಖ ನೋಡ್ರಪ್ಪಾ ಅಂತ ಮೇಡಂ ಬಡಕೊಂಡರೂ ಕೇಳದವರೆಲ್ಲ ಅವತ್ತು ಬಾಯಿ ಬಿಟ್ಟುಕೊಂಡು ಅದರ ಮುಖವನ್ನೇ ನೋಡಿದರು.

ಫೋನಿನಲ್ಲಿ ಇವಳಿಗೂ ಗಲಾಟೆ ಕೇಳಿಸಿತು. "ಏನ್ರೀ ಅದು ಕಿರುಚಾಟ? ಯಾರ್ರೀ ಸತ್ತಿರೋದು?"

"ನಾನೇ ಕಣೇ" ಅಂದೆ.

ಕನ್ನಡಿಯಲ್ಲಿ ಏನಿತ್ತು

ಅಂತೂ ರಜೆಗೆ ಬಂದಳು. ಸಿ.ವಿ. ರಾಮನ್ ನಗರದ ನಮ್ಮ ಮನೆಯಲ್ಲಿ ಮತ್ತೆ ಒಗ್ಗರಣೆಯ ಸದ್ದು ಕೇಳಿಸಿತು. ರಜೆ ಮುಗಿಯುವುದರೊಳಗೆ ಅವಳು ಮಸ್ಕತ್ತಿನ ಆಸ್ಪತ್ರೆಯವರಿಗೆ ವಾಪಸ್ ಬರುತ್ತೇನೆ, ಇಲ್ಲವೇ ಬರುವುದಿಲ್ಲ ಅಂತ ಒಂದು ಹೇಳಬೇಕಿತ್ತು. ನನಗೂ ಗೊತ್ತು. ಆದರೆ ಇಲ್ಲೇ ಇರು ಅನ್ನಲು ಬಾಯೇ ಬರಲಿಲ್ಲ. ಇರು ಅಂತ ಕೇಳಿದ ಮೇಲೂ ಹೊರಟುಬಿಟ್ಟರೆ? ಕಮ್ಮನಹಳ್ಳಿಯಿಂದ ಅವಳು ಉಪ್ಪಿನಕಾಯಿ ಬಾಟಲಿ ತಂದಿಟ್ಟಳು. ಅದು ಅಡುಗೆಮನೆಗೋ ಸೂಟ್‌ಕೇಸಿಗೋ ಅಂತ ದಿನಾ ಕದ್ದು ನೋಡಿದ್ದೇ ಬಂತು.

ಹಳೆಯ ಗೆಳತಿಯರನ್ನು ನೋಡಲು ಆಸ್ಪತ್ರೆಗೆ ಬಂದವಳನ್ನು ಮೇಡಂ ಹಿಡಿದುಕೊಂಡರು. "ಸಿಸ್ಟರ್, ಒಂದ್ಸಲ ಲೀಡರ್ ಆಗಿ ನಿಲ್ಲಿ."

ನಿಂತಳು. ಮಂಚದ ಕಾಲುದೆಸೆಯಲ್ಲಿ, ಕೈ ಕಟ್ಟಿಕೊಂಡು, ಹಿಂದೆ ನಿಲ್ಲುತ್ತಿದ್ದ ಹಾಗೆಯೇ. ಚುಕ್ಕಿ ಮಾನಿಟರಿಗೆ ಹೋಯಿತು, ರೋಗಿಯ ಮುಖಕ್ಕೆ, ಒಬ್ಬೊಬ್ಬರ ಕೈಗೆ. ಆಮೇಲೆ ಸೀದಾ ಕನ್ನಡಿಗೆ. ಮತ್ತೆ ಮಾನಿಟರು, ಮುಖ, ಕೈ, ಕನ್ನಡಿ. ಕನ್ನಡಿಯ ಮೂಲೆಯಲ್ಲಿ, ನಾನು ಯಾವಾಗಲೂ ಕುರ್ಚಿ ಹಾಕಿಕೊಳ್ಳುವ ಜಾಗದಲ್ಲೇ ಚುಕ್ಕಿ ನಿಂತಿತು. ಅವಳಿಗೆ ನಾನು ಕಾಣುವುದಿಲ್ಲ. ಆದರೂ ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಕಣ್ಣು ನೆಟ್ಟಗೆ ನನ್ನ ಮೇಲಿತ್ತು. ಬೊಂಬೆಯನ್ನು ನರಳಿಸುವುದನ್ನೇ ಮರೆತೆ.

ಆಟ ಮುಗಿಯಿತು. ಮೇಡಂ ಒಳಗೆ ಹೋಗಿ ಕೇಳಿದರು. "ಎಲ್ಲಾ ಚೆನ್ನಾಗಿತ್ತು ಸಿಸ್ಟರ್. ಆದ್ರೆ ಕನ್ನಡೀಲಿ ಅಷ್ಟೊಂದು ಏನ್ ನೋಡ್ತಿದ್ರಿ? ರೋಗಿ ಮಂಚದ ಮೇಲಲ್ವಾ?"

"ಇದಕ್ಕೇನು ಮೇಡಂ, ರಬ್ಬರು" ಎಂದಳು ಇವಳು. "ರೋಗಿ ಆ ಕಡೆ ಇದಾರೆ. ನೋಡಿ, ಹೇಗೆ ಇಳಿದುಹೋಗಿದಾರೆ! ನಾನು ವಾಪಸ್ ಬರಲ್ಲ ಅಂತ ಬೆಳಿಗ್ಗೇನೇ ಮಸ್ಕತ್ತಿನ ಆಸ್ಪತ್ರೆಯವರಿಗೆ ಹೇಳ್ಬಿಟ್ಟೆ. ನಮ್ಮನೆಯವರಿಗೆ ಮಾತ್ರ ಹೇಳಿಲ್ಲ. ಬಾಯ್ಬಿಟ್ಟು ಕೇಳ್ತಾರೇನೋ ಅಂತ ಕಾಯ್ತಿದೀನಿ."

ನಾನು ಎದ್ದ ರಭಸಕ್ಕೆ ಮೊಣಕೈ ಮೇಜಿನ ಗುಂಡಿಗಳ ಮೇಲೆ ಬಿತ್ತು. ಒಳಗೆ ಬೊಂಬೆಯ ಎದೆಬಡಿತ ಎರ‍್ರಾಬಿರ‍್ರಿ ಏರಿ ಅಲಾರಂ ಕೂಗತೊಡಗಿತು. ಮೈಕು, ಎಂದಿನಂತೆ, ಆರಿಸಿರಲಿಲ್ಲ.

"ನಿಜವಾಗ್ಲೂ ಇರ್ತೀಯೇನೇ?" ಎಂದಿತು ಬೊಂಬೆ, ಅಳುತ್ತಾ.

ತಂಡದವರೆಲ್ಲ ಮಂಚಕ್ಕೆ ಮುಗಿಬಿದ್ದರು. ಒಬ್ಬ ಇಂಜೆಕ್ಷನ್ನಿಗೆ ಓಡಿದ. ಇವಳು ಮಾತ್ರ ಕೈ ಕಟ್ಟಿಕೊಂಡೇ ಕನ್ನಡಿಯನ್ನು ನೋಡುತ್ತಾ ಹೇಳಿದಳು:

"ಏನೂ ಬೇಡ ಬಿಡ್ರಪ್ಪಾ. ಆ ರೋಗಿಗೆ ಬಿಸಿ ಸಾರು ಕೊಟ್ರೆ ಸರಿಹೋಗ್ತಾರೆ."