ಕಂಪ್ಯೂಟರಿಗೂ ಪಾನ್ ಚಟ

ದೇವರು ನನಗೆ ರೂಪ ಕೊಡಲಿಲ್ಲ, ಎತ್ತರ ಕೊಡಲಿಲ್ಲ, ಕೊಟ್ಟ ಕೂದಲನ್ನೂ ಬೇಗ ವಾಪಸು ಪಡೆದ. ಇದಕ್ಕೆಲ್ಲ ಪರಿಹಾರವಾಗಿ ಸ್ಪಷ್ಟ ಉಚ್ಚಾರಣೆಯನ್ನಾದರೂ ಕೊಟ್ಟಿದ್ದಾನೆಂದು ನಾನು ನಂಬಿಕೊಂಡಿದ್ದೆ. ದಾವಣಗೆರೆಯ ಬ್ಯಾಂಕಿನಲ್ಲಿ ನಾನು ಟೋಕನ್ ನಂಬರ್ ಕೂಗಿದರೆ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೂ ಎದ್ದು ಬರುತ್ತಿದ್ದರು. ಇಂಥ ಉಚ್ಚಾರಣೆಗೆ ತುಕ್ಕು ಹಿಡಿಯಬಾರದೆಂದು ಮನೆಯಲ್ಲೂ ಬಿಡುವಿಲ್ಲದೆ ಮಾತಾಡುತ್ತೇನೆ. ಹೆಂಡತಿ ಸುಮಿತ್ರೆ ಒಂದು ವಾಕ್ಯ ಶುರು ಮಾಡಿದರೆ ಅದನ್ನು ಮುಗಿಸಿಕೊಡುವ ಶ್ರಮವನ್ನೂ ನಾನೇ ವಹಿಸಿಕೊಳ್ಳುತ್ತೇನೆ. ಬನಾರಸ್‌ಗೆ ವರ್ಗವಾಗಿ ಬಂದ ಮೇಲೆ, ಇಲ್ಲಿನವರು ಬಾಯಲ್ಲಿ ಪಾನ್ ತುಂಬಿಕೊಂಡು, ಗದ್ದ ಮೇಲೆತ್ತಿ ಮೂಗಿನಿಂದ ಮಾತಾಡುವುದನ್ನು ಕಂಡು ನನ್ನ ಹೆಮ್ಮೆ ಇನ್ನಷ್ಟು ಉಬ್ಬಿತು. "ಅಂಥಾ ಕೆಂಪು ಬಾಯಿ ಮಾಡ್ಕೊಂಡು ಮನೆಗೆ ಬಂದೀರಿ, ಜೋಕೆ" ಎಂದು ಸುಮಿತ್ರೆ ಎಚ್ಚರಿಸಿದಾಗ ನಕ್ಕುಬಿಟ್ಟಿದ್ದೆ.

ಆ ಹೆಮ್ಮೆಯಿಂದಲೇ ಕೇದಾರ ಘಾಟಿನ ಲಾಡ್ಜೊಂದರಲ್ಲಿ ಭಾನುವಾರದ ಇಂಗ್ಲಿಷ್ ತರಗತಿಗೆ ಮೇಷ್ಟ್ರಾದೆ. ವಿದ್ಯಾರ್ಥಿಗಳೆಲ್ಲ ಕೂದಲು ನರೆತವರು. ದಾನಿಯೊಬ್ಬರು ಒಂದು ಕಂಪ್ಯೂಟರ್ ಕೊಟ್ಟಿದ್ದರು. ಹೆಡ್‌ಫೋನ್ ಸಿಕ್ಕಿಸಿಕೊಂಡು ಯಂತ್ರ ಹೇಳಿದ ವಾಕ್ಯವನ್ನು ತಿರುಗಿ ಹೇಳಬೇಕು. ಸರಿಯಾದರೆ ಹಸಿರು ದೀಪ, ತಪ್ಪಾದರೆ ಕೆಂಪು. ಆದರೆ ಮೊದಲ ದಿನ ಯಾರಾದರೊಬ್ಬರು ನಾಲ್ಕಾರು ವಾಕ್ಯ ಓದಿ, ಸರಿಯಾದ ಉಚ್ಚಾರಣೆ ಎಂದರೆ ಯಾವುದೆಂದು ಯಂತ್ರಕ್ಕೆ ಕಲಿಸಬೇಕಿತ್ತು. ಅದಕ್ಕಾಗಿ ನಾನು ಬೆಳಗ್ಗೆಯೇ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಹೋಗಿದ್ದೆ. ಆದರೆ ಶುಭಾರಂಭದ ಗೌರವ ಹಿರಿಯರಿಗೇ ಸಲ್ಲಬೇಕೆಂದು ಎಲ್ಲರೂ ಸೇರಿ ವಿಶ್ವನಾಥ ಗಲ್ಲಿಯ ಸೀರೆ ವ್ಯಾಪಾರಿ ಮಿಶ್ರಾಜಿಯವರನ್ನು ಮುಂದೆ ಕೂರಿಸಿದರು. ಅವರು ಕಂಪ್ಯೂಟರಿಗೆ ಕುಂಕುಮವಿಟ್ಟು, ತೆಂಗಿನಕಾಯಿ ಒಡೆದು, ಮಂಗಳಕಾರ್ಯವೆಂದು ಹೊಸದೊಂದು ಪಾನ್ ಬಾಯಿಗಿಟ್ಟುಕೊಂಡು ಅಷ್ಟನ್ನೂ ಓದಿಯೇಬಿಟ್ಟರು.

ಅಂದಿನಿಂದ ನಮ್ಮ ಯಂತ್ರಕ್ಕೆ ಪಾನ್ ಇಲ್ಲದ ಇಂಗ್ಲಿಷ್ ರುಚಿಸಲಿಲ್ಲ. ಪಾನ್ ಜಗಿಯುವವರು ಏನೇ ಗುಳುಗುಳು ಅಂದರೂ ಹಸಿರು ದೀಪ. ನಾನು ಗಂಟಲು ಸರಿಪಡಿಸಿಕೊಂಡು 'ಗುಡ್ ಮಾರ್ನಿಂಗ್' ಎಂದರೆ ಕೆಂಪು. ಮಿಶ್ರಾಜಿ ಗದ್ದ ಮೇಲೆತ್ತಿ, "ಮಾಸ್ಟರ್‌ಜಿ, ಮಶೀನ್ ತೋ ಬನಾರಸಿ ಹೋ ಗಇಲ್!" ಎಂದು, ಯಂತ್ರವೂ ಬನಾರಸಿನದೇ ಆಗಿಹೋಯಿತೆಂದು ಹಿಗ್ಗಿದರು. ಯಂತ್ರಕ್ಕೆ ಮೊದಲಿನಿಂದ ಕಲಿಸೋಣವೆಂದರೆ ಪಾಸ್‌ವರ್ಡ್ ದಾನಿಯ ಹತ್ತಿರವಿತ್ತು. ಊರೆಲ್ಲ ಕಾಶಿಗೆ ಬರುತ್ತಿರುವಾಗ ಆ ಪುಣ್ಯಾತ್ಮ ಫೋನ್ ಆಫ್ ಮಾಡಿಕೊಂಡು ರಾಮೇಶ್ವರಕ್ಕೆ ಹೋಗಿದ್ದರು.

ಇದರಲ್ಲಿ ನಿಜವಾಗಿ ಸಿಕ್ಕಿಬಿದ್ದವರು ಗಿರಿಜಮ್ಮ. ಗದಗಿನಿಂದ ಹೊಸದಾಗಿ ಬಂದು ಘಾಟಿನ ಮೇಲೆ ಇಡ್ಲಿ ಮಾರುತ್ತಿದ್ದವರು. ಕಂಪ್ಯೂಟರ್ ಪಾಸು ಮಾಡಿದರೆ ವಿದೇಶಿ ಅತಿಥಿಗಳ ತಿಂಡಿಮನೆಯನ್ನು ಅವರಿಗೇ ಒಪ್ಪಿಸುತ್ತೇನೆಂದು ಲಾಡ್ಜಿನ ಮಾಲೀಕ ಹೇಳಿದ್ದ. ಇಲ್ಲದಿದ್ದರೆ ಆ ಜಾಗ ಬ್ರೆಡ್ ಟೋಸ್ಟ್‌ನವನ ಪಾಲು. ಗಿರಿಜಮ್ಮ ಮನೆಯಲ್ಲಿ ಹಿಟ್ಟು ರುಬ್ಬುತ್ತಲೇ ಪಾಠ ಒಪ್ಪಿಸಿ ಬರುತ್ತಿದ್ದರು. ಇಲ್ಲಿ ನೋಡಿದರೆ ಕೆಂಪು ದೀಪ. "ನಂದೇನ್ ತಪ್ಪೈತ್ರೀ ಸರ? ಬಾಯ್ ತುಂಬ ಎಲಿ ಇದ್ದವ್ರು ಪಾಸು, ಬಾಯ್ ಬಿಟ್ಟು ಹೇಳಾಕಿ ನಾ ನಪಾಸು!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಸಂಕಟವಾಯಿತು.

ಪರೀಕ್ಷೆಯ ದಿನ ಮಾಲೀಕ ಕುರ್ಚಿ ಎಳೆದುಕೊಂಡು ಎದುರಿಗೇ ಕೂತ. ಉಚ್ಚಾರಣೆಯ ಕಥೆಯನ್ನು ವಿವರಿಸಹೋದರೆ, "ನನಗೆ ಹಸಿರು ದೀಪ ಕಾಣಬೇಕು ಅಷ್ಟೇ" ಎಂದ. ಮಿಶ್ರಾಜಿ ತಮ್ಮ ಡಬ್ಬಿ ತೆರೆದು ತಂಬಾಕಿಲ್ಲದ ಎರಡು ಪಾನ್ ಚಾಚಿದರು. ಗಿರಿಜಮ್ಮ ಕೈಹಾಕಲಿಲ್ಲ. "ಮೊದ್ಲ ನಮ್ ಗುರುಗಳು ತಗೊಳ್ಳಲಿ. ಅವ್ರಿಗೆ ಹಸಿರ ಬಂದ್ರ ನಾನೂ ತಿಂತೇನಿ" ಎಂದರು. ಎಲ್ಲರ ಕಣ್ಣೂ ನನ್ನ ಮೇಲೆ. ಸುಮಿತ್ರೆಯನ್ನು ನೆನೆದು, ಕಣ್ಣು ಮುಚ್ಚಿ ಬಾಯಿಗಿಟ್ಟೆ. ಗದ್ದ ತಾನಾಗಿಯೇ ಮೇಲೆದ್ದಿತು. ದಾವಣಗೆರೆಯನ್ನು ನಡುಗಿಸಿದ ನನ್ನ ಗಂಟಲಿನಿಂದ 'ಗುಂ ಮಾಂಙಿಂಗ್' ಎಂಬುದೊಂದು ಹೊರಬಿತ್ತು. ಹಸಿರು! ಹಿಂದೆಯೇ ಗಿರಿಜಮ್ಮನೂ ಕೆನ್ನೆ ಉಬ್ಬಿಸಿಕೊಂಡು ಇಡ್ಲಿ, ಚಟ್ನಿ, ಬಿಲ್ಲು, ಬಾಳೆಹಣ್ಣಿನವರೆಗೆ ಇಂಗ್ಲಿಷಿನಲ್ಲಿ ಗುಳುಗುಳಿಸಿ ಹಸಿರಿನ ಮೇಲೆ ಹಸಿರು ಹೊತ್ತಿಸಿದರು. ಮಾಲೀಕ ಅಲ್ಲೇ ತಿಂಡಿಮನೆಯ ಬೀಗದ ಕೈ ಕೊಟ್ಟ. ಈಗ ಅವರು ವಿದೇಶಿಯರ ಜೊತೆ ಬರಿಬಾಯಲ್ಲೇ ಮಾತಾಡುತ್ತಾರೆ. ಅವರಿಗೆಲ್ಲ ಚೆನ್ನಾಗಿಯೇ ಅರ್ಥವಾಗುತ್ತದೆ.

ನನ್ನ ಪರೀಕ್ಷೆ ಇದ್ದದ್ದು ಮನೆಯಲ್ಲಿ. ಉಗುಳಲು ಸಂಕೋಚ, ನುಂಗಲು ಭಯ. ಹಾಗೇ ಬಾಯಿ ಬಿಗಿಹಿಡಿದು ಗಲ್ಲಿ ದಾಟಿ ಬಂದೆ. ಸುಮಿತ್ರೆ ಬಾಗಿಲಲ್ಲೇ ನಿಂತು ಗ್ಯಾಸಿನ ವಿಷಯ, ತಂಗಿಯ ಮಗಳ ನಾಮಕರಣ, ಅದಕ್ಕೆ ನಾನು ಒಪ್ಪಿ ಮರೆತ ರೈಲು ಟಿಕೆಟ್ಟು ಎಲ್ಲವನ್ನೂ ಹೇಳಿದಳು. ನಾನು "ಊಂ" ಎಂದೆ. ಅವಳು ಅನುಮಾನದಿಂದ ನೋಡಿ, ಮುಂದುವರಿಸಿ, ಕೊನೆಯ ವಾಕ್ಯವನ್ನೂ ತಾನೇ ಮುಗಿಸಿ, ಅದರ ರುಚಿ ನೋಡುವವಳಂತೆ ತಲೆದೂಗಿದಳು. ಆಮೇಲೆ, "ಬಾಯಿ ತೆಗೀರಿ" ಎಂದಳು. ತೆಗೆದೆ. ಬೈಗುಳಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿಕೊಂಡೆ. ಅವಳು ಬಾಯಿ ತೊಳೆಯಲು ಒಂದು ಚೊಂಬು ನೀರು ತಂದಿಟ್ಟು ಒಳಗೆ ಹೋದಳು.

ಮರುದಿನ ಬ್ಯಾಂಕಿನಿಂದ ಬಂದಾಗ ಕಾಫಿ ಲೋಟದ ಪಕ್ಕದಲ್ಲಿ ತಟ್ಟೆಯೊಂದಿತ್ತು. ಅದರಲ್ಲಿ ಒಪ್ಪವಾಗಿ ಮಡಿಸಿ ಲವಂಗ ಚುಚ್ಚಿದ ಒಂದು ಪಾನ್. "ಕಾಫಿ ಕುಡಿದು ಹಾಕ್ಕೊಳ್ಳಿ," ಎಂದಳು ಸುಮಿತ್ರೆ, ಎದುರಿಗೆ ಆರಾಮಾಗಿ ಕೂರುತ್ತ, "ನಂಗೆ ಸ್ವಲ್ಪ ಮಾತಾಡೋದಿದೆ."